ಬಗ್ಗಿದ ಬೆನ್ನಿನ ಹಾಡುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ತುಳುನಾಡಿನ ನಾಟಿ ಗದ್ದೆಯ ಹಾಡುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಲೇಖನವನ್ನು ಓದಿ ಉಡುಪಿ, ಮಂಗಳೂರು ಕಡೆಯ ಹಲವರು ಪತ್ರ ಬರೆದಿದ್ದಾರೆ. ಕೆಲವು ಪತ್ರಗಳು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿರುವುದರಿಂದ ಐದನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗ ಅಲ್ಲಿಯ ಕಂಟ್ರಿ ಹಾಡೊಂದನ್ನು ಕಳುಹಿಸಿದ್ದ. ಮಳೆ ಕೈಕೊಟ್ಟ ಹೊಲ, ಸಾಲದಲ್ಲಿ ಸೋತ ಅಪ್ಪ, ಹಳೆಯ ಬಟ್ಟೆಯನ್ನೇ ಕತ್ತರಿಸಿ ಮಕ್ಕಳಿಗೆ ಅಂಗಿ ಹೊಲಿಯುವ ಅಮ್ಮ, ಏನೇ ಬಂದರೂ ಮನೆ ಬಿಡದ ಸಂಸಾರ, ಇಷ್ಟೇ ಅದರ ವಿಷಯ. ಕೇಳುವಾಗ ಕಣ್ಣು ತುಂಬಿ ಬಂತು. ನಮ್ಮ ಹಿರಿಯರ ಕಷ್ಟವೇನೂ ಇದಕ್ಕಿಂತ ಕಡಿಮೆಯಿರಲಿಲ್ಲ. ಆದರೆ ನಾನು ಬಾಲ್ಯದಲ್ಲಿ ಗದ್ದೆಯಲ್ಲಿ ಕೇಳಿದ ಹಾಡುಗಳಲ್ಲಿ ದೈವಗಳ, ರಾಜರ ಕಥೆಗಳೇ ಇದ್ದವು. ನಮ್ಮವರು ತಮ್ಮ ಕಷ್ಟವನ್ನು ಯಾಕೆ ಹಾಡಲಿಲ್ಲ?
— ಓದುಗರು, ಮಣಿಪಾಲ

ಉತ್ತರ: ಹಾಡಿದರು. ಆದರೆ ಆ ಅಮೆರಿಕದ ಹಾಡಿನಂತೆ "ನಾನು" ಎಂದು ಶುರು ಮಾಡಿ ಹಾಡಲಿಲ್ಲ. ಇದಕ್ಕೆ ಕಾರಣವನ್ನು ಎರಡೂ ಹಾಡುಗಳು ಎಲ್ಲಿ ನಿಂತು ಹುಟ್ಟಿದವು ಎಂಬುದರಲ್ಲಿ ಹುಡುಕಬೇಕು.

ಕಂಟ್ರಿ ಹಾಡಿನ ಬೇರು ಅಮೆರಿಕದ ದಕ್ಷಿಣ ಭಾಗದ ಗುಡ್ಡಗಾಡಿನ ಹಳ್ಳಿಗಳಲ್ಲಿದೆ. ಅದಕ್ಕೆ ಅಷ್ಟು ಹತ್ತಿರವೆನಿಸುವ ಬ್ಯಾಂಜೊ ವಾದ್ಯ, ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರು ತಮ್ಮ ನೆಲದ ನೆನಪಿನಿಂದ ಕಟ್ಟಿಕೊಂಡದ್ದು. ಆದರೆ ಈ ಹಾಡುಗಳು ಊರೂರಿಗೆ ತಲುಪಿದ್ದು ರೇಡಿಯೊ ಮತ್ತು ಗ್ರಾಮಫೋನ್ ತಟ್ಟೆಗಳ ಮೂಲಕ. ನ್ಯಾಶ್‌ವಿಲ್‌ನ ಪ್ರಸಿದ್ಧ ಶನಿವಾರದ ರೇಡಿಯೊ ಕಾರ್ಯಕ್ರಮ 1925ರಲ್ಲಿ ಆರಂಭವಾಯಿತು. 1927ರ ಬೇಸಗೆಯಲ್ಲಿ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಎಂಬವರು ಬ್ರಿಸ್ಟಲ್ ಎಂಬ ಸಣ್ಣ ಪಟ್ಟಣಕ್ಕೆ ಬಂದು ಸುತ್ತಲಿನ ಹಾಡುಗಾರರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ವರ್ಜೀನಿಯದ ಕಣಿವೆಯ ಕಾರ್ಟರ್ ಕುಟುಂಬವೂ, ಕ್ಷಯರೋಗದಿಂದ ರೈಲ್ವೆ ಕೆಲಸ ಬಿಡಬೇಕಾಗಿ ಬಂದ ಜಿಮ್ಮಿ ರಾಜರ್ಸ್ ಅವರೂ ನಾಡಿಗೆ ಪರಿಚಯವಾದದ್ದು ಅಲ್ಲಿಂದ. ಇವರನ್ನು ಕೇಳಿದವರಲ್ಲಿ ಬಹಳಷ್ಟು ಮಂದಿ ಹೊಲ ಬಿಟ್ಟು ಬಟ್ಟೆ ಗಿರಣಿಗೆ, ಗಣಿಗೆ, ದೂರದ ಪಟ್ಟಣಕ್ಕೆ ಹೋದವರು. ಕೆಂಟಕಿಯ ಗಣಿ ಕಾರ್ಮಿಕನೊಬ್ಬನ ಮನೆಯಲ್ಲಿ ಹುಟ್ಟಿದ ಲೊರೆಟ್ಟಾ ಲಿನ್ ತಮ್ಮ ಬಡತನದ ಬಾಲ್ಯವನ್ನು ಹಾಡಿದ ತಟ್ಟೆ ಹೊರಬಂದದ್ದು 1970ರಲ್ಲಿ, ಆ ಮನೆಯನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ಹಾಗಾಗಿ ಅಂಥ ಹಾಡುಗಳಲ್ಲಿ ಹಿಂದಿರುಗಿ ನೋಡುವ ಕಣ್ಣಿದೆ, ದೂರವಿದೆ. ಕಳುಹಿಸಿದ ನಿಮ್ಮ ಮಗನೂ ಕೇಳಿದ ನೀವೂ ಅದೇ ದೂರದಲ್ಲಿ ನಿಂತಿರುವುದರಿಂದ ಅದು ನೇರವಾಗಿ ಎದೆಗೆ ತಾಗಿತು.

ನಮ್ಮ ಗದ್ದೆಯ ಹೆಂಗಸಿಗೆ ಆ ದೂರ ಸಿಕ್ಕಿರಲಿಲ್ಲ. ಅವಳು ಗೊರಬು (ಮಳೆಗೆ ಹೊದೆಯುವ ಎಲೆಯ ಹೊದಿಕೆ) ಹೊದ್ದು, ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು, ಎಡಗೈಯಲ್ಲಿ ನೇಜಿಯ ಸೂಡಿ (ಭತ್ತದ ಸಸಿಗಳ ಕಟ್ಟು) ಹಿಡಿದು, ಒಂದೊಂದೇ ಬುಡ ನೆಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದಳು. ತನಗೆ ಕಷ್ಟವಿದೆ ಎಂದು ಅವಳು ಯಾರಿಗೆ ಹೇಳಬೇಕಿತ್ತು? ಪಕ್ಕದವಳ ಬೆನ್ನೂ ಅಷ್ಟೇ ಬಗ್ಗಿತ್ತು. ಹುಣಿಯ (ಗದ್ದೆಯ ಬದುವಿನ) ಮೇಲೆ ಕೊಡೆ ಹಿಡಿದು ನಿಂತವರಿಗೆ ಹೇಳುವ ಹಾಗಿರಲಿಲ್ಲ. ಅದಕ್ಕಾಗಿ ಅವಳು ತನಗಿಂತ ದೊಡ್ಡ ಕಷ್ಟ ಕಂಡವರ ಕಥೆಯನ್ನು ಎತ್ತಿಕೊಂಡು, ಅದರೊಳಗೆ ತನ್ನ ಮಾತನ್ನಿಟ್ಟು ಹಾಡಿದಳು.

ಸಿರಿಯ ಪಾಡ್ದನವನ್ನೇ (ದೈವ, ವೀರರ ಬಾಳನ್ನು ಹೇಳುವ ದೀರ್ಘ ಹಾಡು) ನೋಡಿ. ಗಂಡ ಕಾಂತು ಪೂಂಜ ಬೇರೊಬ್ಬಳ ಮನೆಗೆ ಹೋಗುತ್ತಾನೆ. ಬಸಿರಿಯಾದ ಸಿರಿಗೆ ಅವಮಾನವಾಗುತ್ತದೆ. ಅಜ್ಜನ ಸತ್ಯನಾಪುರದ ಅರಮನೆಯ ಹಕ್ಕೂ ಕೈತಪ್ಪುತ್ತದೆ. ಆಗ ಅವಳು ತಾನಾಗಿಯೇ ಸಂಬಂಧ ಕಡಿದುಕೊಂಡು, ಮಗುವಿನೊಂದಿಗೆ ಮನೆ ಬಿಟ್ಟು ನಡೆಯುತ್ತಾಳೆ. ಮಳೆಯಲ್ಲಿ ನೆನೆಯುತ್ತ ಸಾಲುಗಟ್ಟಿ ನಿಂತ ಹತ್ತಿಪ್ಪತ್ತು ಹೆಂಗಸರು ಈ ಕಥೆಯನ್ನು ಗಟ್ಟಿಯಾಗಿ ಹಾಡಿ, ಒಬ್ಬರ ಸೊಲ್ಲಿಗೆ ಉಳಿದವರು ಸೊಲ್ಲು (ಪಲ್ಲವಿ) ಕೊಡುತ್ತಿದ್ದರು ಎಂಬುದನ್ನು ಸ್ವಲ್ಪ ಯೋಚಿಸಿದರೆ, ಅಲ್ಲಿ ಯಾರ ಯಾರ ಮನೆಯ ಸಂಗತಿಗಳು ಹೊರಗೆ ಬರುತ್ತಿದ್ದವು ಎಂಬುದು ತಿಳಿಯುತ್ತದೆ.

ಇನ್ನೊಂದು, ಕಲ್ಕುಡನದು. ಕಲ್ಲು ಕೆತ್ತುವ ಬೀರು ಕಲ್ಕುಡ ಕಾರ್ಕಳದ ಗೊಮ್ಮಟನನ್ನು ಕೆತ್ತಿ ಮುಗಿಸುತ್ತಾನೆ. ಇಂಥ ಕೆಲಸವನ್ನು ಬೇರೆಲ್ಲೂ ಮಾಡಬಾರದೆಂದು ಕಾರ್ಕಳದ ಅರಸು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸುತ್ತಾನೆ. ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಿನಲ್ಲೇ ವೇಣೂರಿಗೆ ಹೋಗಿ ಅಲ್ಲಿ ಮತ್ತೊಬ್ಬ ಗೊಮ್ಮಟನನ್ನು ಕೆತ್ತುತ್ತಾನೆ. ಕೊನೆಗೆ ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅರಸನ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ. ಕಾರ್ಕಳದ ವಿಗ್ರಹದ ಪ್ರತಿಷ್ಠೆ 1432ರಲ್ಲಿ ಆದದ್ದು, ವೇಣೂರಿನದು 1604ರಲ್ಲಿ. ನಡುವೆ 172 ವರ್ಷಗಳಿವೆ. ಒಬ್ಬನೇ ಶಿಲ್ಪಿ ಎರಡನ್ನೂ ಕೆತ್ತಲು ಸಾಧ್ಯವಿಲ್ಲವೆಂದು ಶಾಸನ ಓದಿದವರು ಹೇಳುತ್ತಾರೆ, ಅದು ಸರಿಯೇ. ಆದರೆ ದುಡಿದವನ ಕೈಯನ್ನು ದುಡಿಸಿಕೊಂಡವನೇ ಕಡಿಯುತ್ತಾನೆ ಎಂಬುದನ್ನೂ, ಉಳಿದ ಕೈಯಲ್ಲಿ ಅವನು ಮತ್ತೆ ದುಡಿದ ಎಂಬುದನ್ನೂ ಹೇಳಬೇಕಾಗಿದ್ದ ಆ ಹಾಡು ಎರಡು ಶತಮಾನಗಳ ಎಷ್ಟೋ ಶಿಲ್ಪಿಗಳ ಆಯುಷ್ಯವನ್ನು ಒಬ್ಬನದಾಗಿ ಕಟ್ಟಿಕೊಂಡಿತು. ಗದ್ದೆಯ ಹೆಂಗಸರು ಈ ಹಾಡನ್ನು ಯಾಕೆ ಅಷ್ಟು ಹಿಡಿದುಕೊಂಡರು ಎಂದು ಬೇರೆ ವಿವರಣೆ ಬೇಕಾಗಿಲ್ಲವೆಂದು ನಾನು ತಿಳಿಯುತ್ತೇನೆ.

ನಿಮ್ಮ ಮಗನಿಗೆ ಇನ್ನೊಂದು ಸಂಗತಿಯನ್ನೂ ತಿಳಿಸಿ. ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಹಳೆಯ ಹಾಡುಗಳನ್ನು ಹುಡುಕಿಕೊಂಡು ಗುಡ್ಡಗಾಡಿನ ಮನೆಮನೆ ಸುತ್ತುವಾಗ ಜೊತೆಗಿದ್ದವರು ಲೆಸ್ಲಿ ರಿಡ್ಲ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕರು. ಸಿಮೆಂಟ್ ಕಾರ್ಖಾನೆಯ ಅಪಘಾತವೊಂದರಲ್ಲಿ ಅವರು ಒಂದು ಕಾಲನ್ನು ಕಳೆದುಕೊಂಡಿದ್ದರು, ಮುಂದೆ ಬಂದೂಕು ಸಿಡಿದು ಬಲಗೈಯ ಎರಡು ಬೆರಳುಗಳೂ ಹೋಗಿದ್ದವು. ಉಳಿದ ಬೆರಳುಗಳಲ್ಲೇ ಅವರು ಗಿಟಾರ್ ನುಡಿಸಿದರು. ಊರಿನವರು ಹಾಡುವಾಗ ಕಾರ್ಟರ್ ಪದಗಳನ್ನು ಬರೆದುಕೊಳ್ಳುತ್ತಿದ್ದರು, ರಾಗವನ್ನು ನೆನಪಿಟ್ಟುಕೊಂಡು ಬಂದು ಕಲಿಸಿದ್ದು ರಿಡ್ಲ್. ಕಾರ್ಟರ್ ಕುಟುಂಬದ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು, ರಿಡ್ಲ್ ಅವರ ಹೆಸರು ದಶಕಗಳ ಕಾಲ ಯಾರ ಬಾಯಲ್ಲೂ ಇರಲಿಲ್ಲ. ಇದನ್ನು ಮೊದಲ ಸಲ ಓದಿದ ದಿನ ನನಗೆ ವೇಣೂರಿನ ದಾರಿ ಹಿಡಿದ ಕಲ್ಕುಡನೇ ಕಣ್ಣ ಮುಂದೆ ಬಂದ.

ಪ್ರಶ್ನೆ: ಗದ್ದೆಯಲ್ಲಿ ಹಾಡುತ್ತ ದುಡಿಯುತ್ತಿದ್ದ ಕಾಲವೇ ಚೆನ್ನಾಗಿತ್ತು, ಜನ ಬಡವರಾದರೂ ಸಂತೋಷವಾಗಿದ್ದರು ಎಂದು ಈಗ ಎಲ್ಲ ವೇದಿಕೆಗಳಲ್ಲಿ ಹೇಳುತ್ತಾರೆ. ನನ್ನ ಅಜ್ಜಿ ಮಾತ್ರ ಆ ಮಾತು ಕೇಳಿದರೆ ಎದ್ದು ಒಳಗೆ ಹೋಗುತ್ತಾರೆ. ಯಾರನ್ನು ನಂಬಬೇಕು?
— ಓದುಗಿ, ಬಂಟ್ವಾಳ

ಉತ್ತರ: ಅಜ್ಜಿಯನ್ನು ನಂಬಿ.

ಏಣೆಲ್ (ಮಳೆಗಾಲದ ಮೊದಲ ಭತ್ತದ) ಬೆಳೆಯ ನಾಟಿ ಮುಗಿಯುತ್ತಿದ್ದಂತೆ ಆಟಿ ತಿಂಗಳು ಬರುತ್ತದೆ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ದಿನಗಳು. ಹಳೆಯ ಭತ್ತ ಮುಗಿದಿರುತ್ತಿತ್ತು, ಹೊಸತು ಕೈಗೆ ಬರಲು ಇನ್ನೂ ತಿಂಗಳುಗಳಿರುತ್ತಿದ್ದವು, ಎಡೆಬಿಡದ ಮಳೆಯಲ್ಲಿ ಕೂಲಿಯೂ ಇರುತ್ತಿರಲಿಲ್ಲ. ಬೇಸಗೆಯಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಬೇಯಿಸಿ ಒಣಗಿಸಿಟ್ಟ ಹಲಸಿನ ಬೀಜ, ಗುಡ್ಡದಿಂದ ತಂದ ಕಣಿಲೆ (ಎಳೆ ಬಿದಿರು), ತಜಂಕಿನ ಸೊಪ್ಪು, ಕೆಸುವಿನ ಎಲೆ, ಇವು ಆ ತಿಂಗಳನ್ನು ದಾಟಿಸುತ್ತಿದ್ದವು. ಇಂದು ಸಭಾಂಗಣಗಳಲ್ಲಿ ಬಗೆಬಗೆಯ ತಿನಿಸಾಗಿ ಬಡಿಸುವ ಇವೇ ವಸ್ತುಗಳು ಅಕ್ಕಿ ಇಲ್ಲದ ಮನೆಯ ಒಲೆಯಲ್ಲಿ ಬೆಂದವು. ನಿಮ್ಮ ಅಜ್ಜಿ ಎದ್ದು ಹೋಗುವುದು ಈ ನೆನಪಿನಿಂದಲೇ ಇರಬಹುದು.

ಗೇಣಿಯ ಲೆಕ್ಕವನ್ನೂ ಮರೆಯಬಾರದು. ನೆಟ್ಟವರೂ ಕೊಯ್ದವರೂ ಗೇಣಿಯ ಒಕ್ಕಲಿನವರು, ಆದರೆ ಅಕ್ಕಿ ಬೈಹುಲ್ಲಿನ ಮುಡಿ (ಹುಲ್ಲು ಸುತ್ತಿದ ಮೂಟೆ) ಕಟ್ಟಿಸಿಕೊಂಡು, 42 ಸೇರಿನ ಒಂದೊಂದು ಮುಡಿಯಾಗಿ ಧಣಿಯ ಮನೆಗೆ ಹೋಗುತ್ತಿತ್ತು. ಬೆಳೆ ಸರಿಯಾಗಿ ಬಾರದ ವರ್ಷವೂ ಗೇಣಿ ಬಾಕಿ ಉಳಿಯುತ್ತಿತ್ತು, ಬಾಕಿಯಾದರೆ ಒಕ್ಕಲೆಬ್ಬಿಸುವ ಭಯವಿತ್ತು. ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಭೂಮಿಗಳು ಸರಕಾರಕ್ಕೆ ಸೇರಿ, ಡಿಕ್ಲರೇಶನ್ (ಗೇಣಿ ಹಕ್ಕಿನ ಅರ್ಜಿ) ಕೊಟ್ಟ ಒಕ್ಕಲುಗಳಿಗೆ ಹಕ್ಕು ಸಿಗುವ ದಾರಿಯಾದ ಮೇಲೆ ನಮ್ಮ ಜಿಲ್ಲೆಯ ಸಾವಿರಾರು ಮನೆಗಳಲ್ಲಿ ಮಕ್ಕಳು ಶಾಲೆಗೆ ಹೋದರು. ಅದೇ ಕಾಲದಿಂದ ದೊಡ್ಡ ಮನೆಗಳ ದೊಡ್ಡ ಗದ್ದೆಗಳಲ್ಲಿ ನಲವತ್ತೈವತ್ತು ಹೆಂಗಸರು ಒಟ್ಟಿಗೆ ಬಗ್ಗಿ ನೆಡುವುದು ಕಡಿಮೆಯಾಯಿತು. ಆಮೇಲೆ ಎಷ್ಟೋ ಬೈಲುಗಳು ಅಡಿಕೆ ತೋಟಗಳಾದವು, ಕೆಲವು ಬೇಸಾಯವಿಲ್ಲದೆ ಹಡಿಲು ಬಿದ್ದವು, ನಾಟಿಗೆ ಯಂತ್ರ ಬಂತು. ಹೆಂಗಸರು ಬೀಡಿ ಕಟ್ಟಲು ಜಗಲಿಯಲ್ಲಿ ಕುಳಿತರು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ಅವರ ಪಕ್ಕದಲ್ಲಿ ಹಾಡತೊಡಗಿತು. ಹಾಡು ಕಡಿಮೆಯಾದದ್ದಕ್ಕೆ ನನಗೆ ದುಃಖವಿದೆ. ಆ ದುಡಿಮೆಯ ರೀತಿ ಕಡಿಮೆಯಾದದ್ದಕ್ಕೆ ಇಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ಹೇಳುವ ಎಚ್ಚರ ವೇದಿಕೆಯಲ್ಲಿ ಮಾತನಾಡುವವರಿಗೆ ಬೇಕು.

ಹಾಗಾದರೆ ಯಾಕೆ ಹಾಡಿದರು ಎಂದು ನೀವು ಕೇಳಬಹುದು. ನೆಡುವಾಗ ಎಲ್ಲರ ಕೈಯೂ ಒಂದೇ ವೇಗದಲ್ಲಿ ನಡೆಯಬೇಕು, ಇಲ್ಲವಾದರೆ ಸಾಲು ಮುರಿಯುತ್ತದೆ, ಹಿಂದೆ ಬಿದ್ದವಳಿಗೆ ಬೈಗುಳ ಸಿಗುತ್ತದೆ. ಹಾಡು ವೇಗದವಳನ್ನು ತಡೆದು, ನಿಧಾನದವಳನ್ನು ಎಳೆದು ಸಾಲನ್ನು ಕೂಡಿಸುತ್ತಿತ್ತು. ಜ್ವರದಲ್ಲಿ ಬಂದವಳು, ಬಾಣಂತನ ಮುಗಿಸಿ ಬೇಗ ಗದ್ದೆಗಿಳಿದವಳು ಸೊಲ್ಲು ಕೊಡುವ ನೆಪದಲ್ಲಿ ಒಂದು ಉಸಿರು ತೆಗೆದುಕೊಳ್ಳುತ್ತಿದ್ದಳು. ಅವರು ತಮ್ಮೊಳಗೆ ಒಬ್ಬರನ್ನೊಬ್ಬರು ಕಾಯ್ದುಕೊಂಡ ರೀತಿ ಇದು ಎಂದು ನನಗೆ ಹೇಳಿದ್ದು ಸ್ವತಃ ನೆಟ್ಟವರು.

ಪ್ರಶ್ನೆ: ಪಾಡ್ದನ, ಕಬಿತೆ ಎರಡೂ ಒಂದೆಯೇ? ನಮ್ಮ ಕಡೆ ಈ ಹೆಸರುಗಳಿಲ್ಲ.
— ಓದುಗರು, ಕುಂದಾಪುರ

ಉತ್ತರ: ಒಂದಲ್ಲ. ಪಾಡ್ದನವು ದೈವದ ಅಥವಾ ವೀರರ ಹುಟ್ಟು, ಬಾಳು, ಅಳಿವುಗಳನ್ನು ಹೇಳುವ ದೀರ್ಘ ಕಥೆ. ನೇಮದಲ್ಲಿ (ದೈವದ ಆರಾಧನೆಯ ಉತ್ಸವದಲ್ಲಿ) ಪಂಬದ, ಪರವ, ನಲಿಕೆ ಸಮುದಾಯದವರು ಅದನ್ನು ಹೇಳುತ್ತಾರೆ, ಗದ್ದೆಯಲ್ಲಿ ಹೆಂಗಸರು ಹೇಳುತ್ತಾರೆ. ಕಬಿತೆ ಚಿಕ್ಕದು, ಹಕ್ಕಿ, ಹೂವು, ನೆಂಟಸ್ತಿಕೆ, ತಮಾಷೆ ಯಾವುದೂ ಅದರ ವಸ್ತುವಾಗಬಹುದು. "ಓ ಬೇಲೆ" ಎಂಬ ಸೊಲ್ಲಿನ ಹಾಡುಗಳೂ ಇವೆ. ತುಳುವಿನಲ್ಲಿ ಬೇಲೆ ಎಂದರೆ ಕೆಲಸ. ನಿಮ್ಮ ಕಡೆ ಗದ್ದೆಯ ಭಾಷೆ ಕುಂದಾಪುರ ಕನ್ನಡವಾದ್ದರಿಂದ ಹೆಸರು ಬೇರೆಯಾಗುತ್ತದೆ. ನಟ್ಟಿಯ ಕಾಲದಲ್ಲಿ ಹಾಡುತ್ತಿದ್ದ ಹಿರಿಯರು ಮನೆಯಲ್ಲಿದ್ದರೆ ಅವರು ಬಳಸುವ ಹೆಸರನ್ನೇ ಬರೆದಿಡಿ, ತುಳುವಿನ ಹೆಸರನ್ನು ಅದರ ಮೇಲೆ ಅಂಟಿಸಬೇಡಿ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ, ಗಿಟಾರ್ ನುಡಿಸುತ್ತೇನೆ. ಪಾಡ್ದನದ ರಾಗಕ್ಕೆ ಕಂಟ್ರಿ ಶೈಲಿಯ ಗಿಟಾರ್ ಸೇರಿಸಿ ಹಾಡಿದರೆ ತಪ್ಪಾಗುತ್ತದೆಯೇ?
— ಓದುಗ, ಸುರತ್ಕಲ್

ಉತ್ತರ: ವಾದ್ಯ ಸೇರಿಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ದೈವದ ಪಾಡ್ದನವನ್ನು ಎತ್ತಿಕೊಳ್ಳುವಾಗ ಆ ದೈವದ ಸೇವೆ ಮಾಡುವ ಸಮುದಾಯದ ಹಿರಿಯರೊಡನೆ ಮೊದಲು ಮಾತನಾಡಿ. ಅವರಿಗೆ ಅದು ಹೊಟ್ಟೆಪಾಡೂ ಹೌದು, ಹರಕೆಯೂ ಹೌದು. ಅವರು ಬೇಡವೆಂದರೆ ಬಿಟ್ಟುಬಿಡಿ, ಕಬಿತೆಗಳು ಬೇಕಾದಷ್ಟಿವೆ. ಕಲಿಸಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ನಿಮ್ಮ ಹೆಸರಿಗಿಂತ ಮೊದಲು ಹೇಳಿ. "ಜನಪದ" ಎಂದಷ್ಟೇ ಬರೆದು ಮುಗಿಸಬೇಡಿ. ಲೆಸ್ಲಿ ರಿಡ್ಲ್ ಅವರಿಗೆ ಆದದ್ದು ನಮ್ಮ ಅಜ್ಜಿಯಂದಿರಿಗೆ ಆಗಬಾರದು. ಇನ್ನೊಂದು ಸಣ್ಣ ಸಲಹೆ: ತಾಳವನ್ನು ಗಿಟಾರಿನಿಂದ ಶುರು ಮಾಡದೆ, ನೆಡುವ ಕೈಯಿಂದ ಶುರು ಮಾಡಿ. ಮಳೆಗಾಲದಲ್ಲಿ ಒಂದು ದಿನ ಯಾವುದಾದರೂ ಗದ್ದೆಯಲ್ಲಿ ನಾಲ್ಕು ಸೂಡಿ ನೇಜಿ ನೆಟ್ಟು ನೋಡಿದರೆ ಆ ಹಾಡಿನ ಸಾಲುಗಳು ಯಾಕೆ ಅಷ್ಟು ಉದ್ದವಿವೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದು ಬೆನ್ನಿಗೇ ಅರ್ಥವಾಗುತ್ತದೆ.

ಪ್ರಶ್ನೆ: ನನ್ನ ಅತ್ತೆಗೆ ಎಂಬತ್ತು ದಾಟಿದೆ. ಮೊದಲು ತುಂಬ ಹಾಡುತ್ತಿದ್ದರಂತೆ. ಮೊಬೈಲ್ ಹಿಡಿದು ಕುಳಿತರೆ "ಎಲ್ಲ ಮರೆತುಹೋಗಿದೆ" ಎನ್ನುತ್ತಾರೆ. ಅವರ ಹಾಡುಗಳನ್ನು ಉಳಿಸುವುದು ಹೇಗೆ?
— ಓದುಗಿ, ಕಾರ್ಕಳ

ಉತ್ತರ: ಇದೇ ಮಾತನ್ನು ನಾನೂ ಎಷ್ಟೋ ಜಗಲಿಗಳಲ್ಲಿ ಕೇಳಿದ್ದೇನೆ. ಸಾಮಾನ್ಯವಾಗಿ ಅವರು ಮರೆತಿರುವುದಿಲ್ಲ. ಕುರ್ಚಿಯಲ್ಲಿ ಕುಳಿತು, ಎದುರಿಗೊಂದು ಯಂತ್ರವನ್ನಿಟ್ಟುಕೊಂಡು ಆ ಹಾಡನ್ನು ಅವರು ಯಾವತ್ತೂ ಹಾಡಿರಲಿಲ್ಲ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಹಿರಿಯಡ್ಕದ ಸಮೀಪದ ಒಂದು ಮನೆಗೆ ಜೂನ್ ತಿಂಗಳ ಕೊನೆಯಲ್ಲಿ ಹೋಗಿದ್ದೆ. ಅಲ್ಲಿಯ ಅಜ್ಜಿ ಎರಡು ಗಂಟೆ ಕಾಲ ನನಗೆ ಚಹಾ ಕೊಟ್ಟರು, ಹಲಸಿನ ಹಪ್ಪಳ ಕೊಟ್ಟರು, ಹಾಡು ಮಾತ್ರ ಕೊಡಲಿಲ್ಲ. ಒಂದು ಸಾಲು ಶುರು ಮಾಡುವುದು, ತಲೆಯಾಡಿಸಿ ನಿಲ್ಲಿಸುವುದು, ಹೀಗೆಯೇ ಆಯಿತು. ಹೊರಡುವ ಹೊತ್ತಿಗೆ ಅಂಗಳದಾಚೆ ಸೊಸೆ ಮಿಕ್ಕಿದ ನೇಜಿಯನ್ನು ತಂದು ರಾಶಿ ಹಾಕಿದರು. ಅಜ್ಜಿ ಎದ್ದು ಹೋಗಿ ಒಂದು ಸೂಡಿಯನ್ನು ಕೈಗೆತ್ತಿಕೊಂಡು, ಬುಡದ ಕೆಸರನ್ನು ಮೊಣಕೈಗೆ ತಟ್ಟಿ ಉದುರಿಸಿದರು. ಎಡಗೈಯ ಹೆಬ್ಬೆರಳು ತಾನಾಗಿ ಎರಡೆರಡು ಗಿಡಗಳನ್ನು ಬಿಡಿಸಿ ಬಲಗೈಗೆ ದಾಟಿಸತೊಡಗಿತು. ಅಷ್ಟರಲ್ಲಿ "ಡೆನ್ನ ಡೆನ್ನಾನ" ಎಂಬ ಸೊಲ್ಲು ಬಂತು, ಅದರ ಹಿಂದೆಯೇ ಕಥೆ ಬಂತು. ಎರಡು ಸಾಲು ಹೇಳಿದವರು ಥಟ್ಟನೆ ನಿಲ್ಲಿಸಿ ನನ್ನನ್ನು ನೋಡಿ ಕೇಳಿದರು: "ಸೊಲ್ಲು ಕೊಡುವವರು ಯಾರು ಮಗಾ?" ನಾನು ತಪ್ಪುತಪ್ಪಾಗಿ ಸೊಲ್ಲು ಕೊಟ್ಟೆ, ಸೊಸೆಯೂ ದನಿ ಸೇರಿಸಿದರು. ಆಮೇಲೆ ಮುಕ್ಕಾಲು ಗಂಟೆ ಅವರು ಎಲ್ಲಿಯೂ ತಡವರಿಸಲಿಲ್ಲ. ಆ ಧ್ವನಿಮುದ್ರಣದಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯೂ, ನನ್ನ ಕೆಟ್ಟ ಸ್ವರವೂ ಇವೆ. ಅವನ್ನು ತೆಗೆಯುವುದಕ್ಕೆ ನಾನು ಒಪ್ಪಿಲ್ಲ.

1886ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಪಾಡ್ದನಗಳನ್ನು ಪುಸ್ತಕವಾಗಿ ಅಚ್ಚು ಹಾಕಿದರು. ಅದರಿಂದ ಪದಗಳು ಉಳಿದವು. ಹಾಡಿದವರ ದನಿ ಉಳಿಯಲಿಲ್ಲ. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರ ಜೊತೆ ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಪಾಡ್ದನವನ್ನು ದಿನಗಟ್ಟಲೆ ಹೇಳಿಸಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅದು ಪ್ರಕಟವಾದಾಗ 15,683 ಸಾಲುಗಳಿದ್ದವು. ಅಷ್ಟು ದೊಡ್ಡ ಕಾವ್ಯವನ್ನು ಒಬ್ಬ ಕೃಷಿಕರು ತಲೆಯಲ್ಲಿಟ್ಟುಕೊಂಡಿದ್ದರು ಎಂದ ಮೇಲೆ, ನಿಮ್ಮ ಅತ್ತೆಯವರ "ಮರೆತುಹೋಗಿದೆ" ಎಂಬ ಮಾತನ್ನು ಅಷ್ಟು ಬೇಗ ಒಪ್ಪಿಕೊಳ್ಳಬೇಡಿ.

ಮಾಡಬೇಕಾದದ್ದು ಇಷ್ಟು. ಮುದ್ರಿಸಿಕೊಳ್ಳುವ ವಿಷಯವನ್ನು ಅವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಅವರ ಬಾಯಿಯಿಂದ ಒಂದು ಮೊಳ ದೂರದಲ್ಲಿ ಬಟ್ಟೆಯ ಮೇಲೆ ಇಡಿ, ಫ್ಯಾನ್ ನಿಲ್ಲಿಸಿ. ಶುರುವಿನಲ್ಲಿ ದಿನಾಂಕ, ಊರು, ಅವರ ಹೆಸರು, ಯಾರಿಂದ ಕಲಿತರು, ಯಾವ ಗದ್ದೆಯಲ್ಲಿ, ಯಾವ ಬೆಳೆಯ ನಾಟಿಯಲ್ಲಿ ಹಾಡುತ್ತಿದ್ದರು ಎಂಬುದನ್ನು ಮಾತಿನಲ್ಲೇ ಹೇಳಿಸಿ. ನಡುವೆ ಕೂಲಿಯ ವಿಷಯ, ಹಸಿವಿನ ವಿಷಯ, ಯಾರದೋ ಮೇಲಿನ ಸಿಟ್ಟು ಬಂದರೆ ತಡೆಯಬೇಡಿ, ಅದೂ ಹಾಡಿಗೇ ಸೇರಿದ್ದು. ಅರ್ಥವಾಗದ ಪದವನ್ನು ತಿದ್ದದೆ ಕೇಳಿಸಿದ ಹಾಗೆಯೇ ಬರೆದುಕೊಳ್ಳಿ. ಆಮೇಲೆ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಸಿದ್ಧಪಡಿಸಿದ ಆರು ಸಂಪುಟಗಳ ತುಳು ನಿಘಂಟುವಿನಲ್ಲಿ ಹುಡುಕಬಹುದು. ಎರಡು ಕಡೆ ಪ್ರತಿ ಇಟ್ಟು, ಅತ್ತೆಯವರು ಒಪ್ಪಿದರೆ ಒಂದನ್ನು ಆ ಕೇಂದ್ರಕ್ಕೋ ಮಂಗಳೂರಿನ ತುಳು ಸಾಹಿತ್ಯ ಅಕಾಡೆಮಿಗೋ ತೋರಿಸಿ.

ಇದಕ್ಕೆಲ್ಲ ಮೊದಲು ಅವರ ಹಾಡಿನ ಸೊಲ್ಲನ್ನು ನೀವು ಕಲಿತುಕೊಳ್ಳಿ. ಪಕ್ಕದ ಮನೆಯವರು ಒಬ್ಬಿಬ್ಬರು ಬಂದರೆ ಇನ್ನೂ ಒಳ್ಳೆಯದು. ಗದ್ದೆಗೆ ಕರೆದೊಯ್ಯಲು ಆಗದಿದ್ದರೆ ಒಂದು ಹಿಡಿ ಹಸಿ ಹುಲ್ಲನ್ನಾದರೂ ಅವರ ಎಡಗೈಯಲ್ಲಿ ಕೊಟ್ಟು, ಪಕ್ಕದಲ್ಲಿ ಕುಳಿತು ಕಾಯಿರಿ.